‘ಊಟ ಆತೇನ್ರಿ’ ಎಂದು ಕೇಳುವ ಕೆಲಸ

ನಿಮ್ಮ ಪತ್ರ ಕೈಸೇರಿದಾಗ ನಾನು ರಜೆಯ ಮೇಲೆ ಧಾರವಾಡಕ್ಕೆ ಬಂದು ಹತ್ತು ದಿನಗಳಾಗಿದ್ದವು. ಮಾಳಮಡ್ಡಿಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಕುಳಿತು, ಹೊರಗೆ ಆಷಾಢದ ಜಿಟಿಜಿಟಿ ಮಳೆ ಬಿಡದೆ ಹಿಡಿದಿರುವ ಹೊತ್ತಿನಲ್ಲಿ, ಈ ಉತ್ತರ ಬರೆಯುತ್ತಿದ್ದೇನೆ. ಬೆಟಗೇರಿಯಿಂದ ಹೊರಟು ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ಸೇರಿ ನಿಮಗೆ ಏಳು ತಿಂಗಳಾಯಿತು. ಚಳಿ, ಬಾಡಿಗೆ, ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗಳೆಲ್ಲ ಮುಗಿದು ಈಗ ಬೇರೆಯದೇ ಒಂದನ್ನು ಕೇಳಿದ್ದೀರಿ. ನಿಮ್ಮ ಓಣಿಯ ಗ್ರಂಥಾಲಯದ ಫಲಕದಲ್ಲಿ, ಪೊಲೀಸರ ವಶದಲ್ಲಿರುವವರನ್ನು ಕಂಡು ಅವರ ಯೋಗಕ್ಷೇಮ ವಿಚಾರಿಸಲು ಸ್ವಯಂಸೇವಕರು ಬೇಕಾಗಿದ್ದಾರೆ ಎಂಬ ಪ್ರಕಟಣೆ ನೋಡಿದಿರಿ. ನಾನು ಆ ಕೆಲಸ ಮಾಡುತ್ತೇನೆಂದು ಯಾರೋ ನಿಮಗೆ ಹೇಳಿದರು. ಹೊರದೇಶದಿಂದ ಬಂದ ನಮ್ಮಂಥವರನ್ನು ಅಲ್ಲಿ ಒಳಗೆ ಬಿಡುತ್ತಾರೆಯೇ, ವೀಸಾಕ್ಕೆ ತೊಂದರೆಯಾಗುವುದಿಲ್ಲವೇ, ನಮ್ಮ ಇಂಗ್ಲಿಷ್ ಸಾಲುತ್ತದೆಯೇ, ಇದರಿಂದ ಯಾರಿಗಾದರೂ ನಿಜವಾಗಿ ಉಪಯೋಗವಿದೆಯೇ ಎಂಬುದು ನಿಮ್ಮ ಕೇಳಿಕೆ. ಫೋನಿನಲ್ಲಿ ವಿಷಯ ತಿಳಿದು ನಿಮ್ಮ ತಾಯಿ, ‘ನಮ್ಮ ಮನೆತನದಾಗ ಯಾರೂ ಠಾಣೆ ಕಟ್ಟಿ ಹತ್ತಿಲ್ಲ, ನೀ ಪರದೇಶಕ್ಕ ಹೋಗಿ ಹತ್ತತೀಯೇನು’ ಎಂದು ಸಿಟ್ಟಾದರೆಂದೂ ಬರೆದಿದ್ದೀರಿ.

ತಾಯಿಯ ಮಾತಿನಿಂದಲೇ ಪ್ರಾರಂಭಿಸುತ್ತೇನೆ, ಏಕೆಂದರೆ ಅದು ನನ್ನ ತಾಯಿಯ ಮಾತೂ ಆಗಿತ್ತು. ನಮ್ಮ ಕಡೆ ಮರ್ಯಾದಸ್ಥರ ಮನೆಗೆ ಇರುವ ದೊಡ್ಡ ಪ್ರಮಾಣಪತ್ರವೆಂದರೆ ಠಾಣೆಯ ಮತ್ತು ಕೋರ್ಟಿನ ಮೆಟ್ಟಿಲು ಹತ್ತಿಲ್ಲ ಎಂಬುದೇ. ಆ ಪ್ರಮಾಣಪತ್ರ ನಮ್ಮ ಮನೆಯಲ್ಲಿ 1994ರ ಮಳೆಗಾಲದವರೆಗೆ ಇತ್ತು. ಆ ವರ್ಷ ಕಾಲೇಜಿನ ಹುಡುಗರ ಎರಡು ಗುಂಪಿನ ನಡುವೆ ಹೊಡೆದಾಟವಾಗಿ, ಎಂಟು ಹತ್ತು ಹುಡುಗರ ಜೊತೆಗೆ ನನ್ನ ಅಣ್ಣನನ್ನೂ ಪೊಲೀಸರು ಜೀಪಿನಲ್ಲಿ ಹತ್ತಿಸಿಕೊಂಡು ಹೋದರು. ಅವನು ಬಿಡಿಸಲು ಹೋದವನೋ ಹೊಡೆಯಲು ಹೋದವನೋ ಎಂಬ ಬಗ್ಗೆ ಮನೆಯಲ್ಲಿ ಇಂದಿಗೂ ಎರಡು ಅಭಿಪ್ರಾಯಗಳಿವೆ. ಠಾಣೆಯಿಂದ ಯಾರೂ ನಮಗೆ ತಿಳಿಸಲಿಲ್ಲ. ಅವನ ಗೆಳೆಯನೊಬ್ಬ ಸೈಕಲ್ ತುಳಿದುಕೊಂಡು ಬಂದು ಹೇಳಿದ. ಅವ್ವ ಅಳುತ್ತಲೇ ನಾಲ್ಕು ರೊಟ್ಟಿ ಬಡಿದು, ಝುಣಕ ಮಾಡಿ ಡಬ್ಬಿ ಕಟ್ಟಿದಳು. ಹದಿನಾರು ವರ್ಷದ ನಾನು ಅಪ್ಪನ ಹಿಂದೆ ನಡೆದುಹೋದೆ. ಠಾಣೆಯ ಹೊರಗಿನ ಬೇವಿನ ಮರದ ಕೆಳಗೆ ಒಂದು ಕಾಲು ಕುಂಟಾದ ಬೆಂಚು ಇತ್ತು. ಅದರ ಮೇಲೆ ರಾತ್ರಿ ಎಂಟರಿಂದ ಹನ್ನೊಂದರವರೆಗೆ ಕುಳಿತೆವು. ಒಬ್ಬ ಕಾನ್ಸ್ಟೇಬಲ್ ಬಂದು ಡಬ್ಬಿ ಒಯ್ದ, ಅರ್ಧ ತಾಸಿನ ಮೇಲೆ ತಂದುಕೊಟ್ಟ. ಅಪ್ಪ ಎದ್ದು ನಿಂತು, ‘ಉಂಡಾನೇನ್ರೀ ಸಾಹೇಬ್ರ?’ ಎಂದು ಕೇಳಿದರು. ಆತ ಕೆಟ್ಟ ಮನುಷ್ಯನೇನಲ್ಲ. ಡಬ್ಬಿಯ ಮುಚ್ಚಳ ತೆಗೆದು ನೋಡಿ, ‘ಖಾಲಿ ಆಗೇತಲ್ರೀ’ ಎಂದ. ಅಷ್ಟೇ ಉತ್ತರ. ಮರುದಿನ ಯಾವ ಕೇಸೂ ಇಲ್ಲದೆ ಎಲ್ಲರನ್ನೂ ಬಿಟ್ಟರು. ಅಣ್ಣ ಮನೆಗೆ ಬಂದು ಎರಡು ದಿನ ಮಲಗಿದ, ಅವನನ್ನು ಯಾರೂ ಏನೂ ಕೇಳಲಿಲ್ಲ.

ಇಪ್ಪತ್ತು ವರ್ಷಗಳ ಮೇಲೆ, ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನ ನಮ್ಮ ಊರಿನಲ್ಲಿ ಔಷಧದಂಗಡಿ ಮುಚ್ಚಿ ಬರುವಾಗ ನಿಮ್ಮಂತೆಯೇ ನಾನೂ ಒಂದು ಪ್ರಕಟಣೆ ಓದಿದೆ. ಅಂಥ ಬಾಗಿಲಿನೊಳಗೆ ಹೋಗಿ ಒಳಗಿದ್ದವನನ್ನೇ ‘ಊಟವಾಯಿತೇ’ ಎಂದು ಕೇಳುವ ಹಕ್ಕು ಒಬ್ಬ ಸಾಮಾನ್ಯಳಿಗೆ ಇರಬಹುದೆಂಬುದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಅರ್ಜಿ ಹಾಕಿದ್ದು ಆ ಬೆಂಚಿನ ಕಾರಣಕ್ಕೆ. ದೇಶಸೇವೆ, ಸಮಾಜಸೇವೆ ಎಂಬ ದೊಡ್ಡ ಮಾತುಗಳನ್ನು ಸಂದರ್ಶನದಲ್ಲಿ ಆಡಿದೆನೆಂಬುದು ಬೇರೆ ಮಾತು.

ಈ ವ್ಯವಸ್ಥೆಗೆ ಅಲ್ಲಿ ಇಂಡಿಪೆಂಡೆಂಟ್ ಕಸ್ಟಡಿ ವಿಸಿಟಿಂಗ್, ಎಂದರೆ ಪೊಲೀಸ್ ವಶದಲ್ಲಿರುವವರನ್ನು ಹೊರಗಿನವರು ಸ್ವತಂತ್ರವಾಗಿ ಭೇಟಿಯಾಗುವುದು, ಎನ್ನುತ್ತಾರೆ; ಬಂಧಿತರನ್ನು ಇಡುವ ಜಾಗಕ್ಕೂ ಕಸ್ಟಡಿ ಎಂದೇ ಹೆಸರು. ಇದು ಪೊಲೀಸರ ದೊಡ್ಡಮನಸ್ಸಿನಿಂದ ಹುಟ್ಟಿದ್ದಲ್ಲ. 1981ರ ಏಪ್ರಿಲ್‌ನಲ್ಲಿ ದಕ್ಷಿಣ ಲಂಡನ್ನಿನ ಬ್ರಿಕ್ಸ್ಟನ್ ಹೊತ್ತಿ ಉರಿಯಿತು. ಬೀದಿಯಲ್ಲಿ ಹೋಗುವ ಕರಿಯ ಹುಡುಗರನ್ನು ಕಂಡಕಂಡಲ್ಲಿ ನಿಲ್ಲಿಸಿ ಜೇಬು ತಪಾಸಣೆ ಮಾಡುತ್ತಿದ್ದ ಪೊಲೀಸರ ಮೇಲೆ ಆ ಭಾಗದ ಜನರಿಗೆ ನಂಬಿಕೆಯೇ ಉಳಿದಿರಲಿಲ್ಲ. ಠಾಣೆಯೊಳಗೆ ಏನಾಗುತ್ತದೆ ಎಂಬುದರ ಬಗ್ಗೆ ಹಬ್ಬಿದ ಪ್ರತಿಯೊಂದು ಮಾತನ್ನೂ ಜನ ನಂಬುವ ಸ್ಥಿತಿ ಬಂದಿತ್ತು. ಗಲಭೆಯ ವಿಚಾರಣೆ ನಡೆಸಿದ ಲಾರ್ಡ್ ಸ್ಕಾರ್ಮನ್ ಅದೇ ನವೆಂಬರಿನಲ್ಲಿ ಕೊಟ್ಟ ವರದಿಯಲ್ಲಿ, ಊರಿನ ಸಾಮಾನ್ಯ ಜನ ಮುನ್ಸೂಚನೆಯಿಲ್ಲದೆ ಠಾಣೆಗೆ ಹೋಗಿ ವಶದಲ್ಲಿರುವವರನ್ನು ನೋಡಿ ಬರುವ ಏರ್ಪಾಡು ಇರಲಿ ಎಂದು ಶಿಫಾರಸು ಮಾಡಿದರು. ಮೊದಲು ಅದು ಇಚ್ಛೆಯಿದ್ದ ಕಡೆ ನಡೆಯುವ ಪದ್ಧತಿಯಾಗಿತ್ತು. 2002ರ ಪೊಲೀಸ್ ರಿಫಾರ್ಮ್ ಆ್ಯಕ್ಟ್‌ನ 51ನೆಯ ಕಲಮಿನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನ ಪ್ರತಿಯೊಂದು ಪೊಲೀಸ್ ಪ್ರದೇಶದಲ್ಲೂ ಕಡ್ಡಾಯವಾಯಿತು. ಸ್ಕಾಟ್ಲೆಂಡಿಗೆ ಬೇರೆ ಕಾಯ್ದೆ ಇದೆ. ಆಯಾ ಭಾಗದ ಪೊಲೀಸ್ ಮತ್ತು ಕ್ರೈಂ ಕಮಿಷನರ್ (ಇವರು ಜನ ಆರಿಸಿದ ಪ್ರತಿನಿಧಿ, ಪೊಲೀಸ್ ಅಧಿಕಾರಿಯಲ್ಲ), ಲಂಡನ್ನಿನಲ್ಲಾದರೆ ಮೇಯರ್ ಕಚೇರಿ, ಈ ಸ್ವಯಂಸೇವಕರನ್ನು ನೇಮಿಸುತ್ತದೆ. ಪೊಲೀಸರು ನೇಮಿಸುವುದಿಲ್ಲ ಎಂಬುದನ್ನು ನೆನಪಿಡಿ. ನಮ್ಮವರು ಲಂಡನ್ನಿಗೆ ಹೋದರೆ ತಪ್ಪದೆ ಥೇಮ್ಸ್ ದಂಡೆಯ ಬಸವಣ್ಣನ ಪುತ್ಥಳಿಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರಲ್ಲ, 2015ರಲ್ಲಿ ಅನಾವರಣಗೊಂಡದ್ದು, ಅದು ನಿಂತಿರುವುದು ಲ್ಯಾಂಬೆತ್ ಎಂಬ ಪುರಸಭೆಯ ಹದ್ದಿನಲ್ಲಿ. ಬ್ರಿಕ್ಸ್ಟನ್ ಇರುವುದೂ ಅದೇ ಲ್ಯಾಂಬೆತ್‌ನಲ್ಲಿ. ಅಲ್ಲಿಂದ ಸುಮಾರು ಎರಡು ಮೈಲಿ ಆದೀತು. ಫೋಟೋ ತೆಗೆಸಿಕೊಂಡ ಮೇಲೆ ಯಾರೂ ಆ ಕಡೆ ಹೋಗಿ ಬರುವುದಿಲ್ಲ.

ಇನ್ನು ಭೇಟಿ ಹೇಗೆ ನಡೆಯುತ್ತದೆ ಎಂಬುದು. ನಾವು ಯಾವಾಗಲೂ ಇಬ್ಬಿಬ್ಬರಾಗಿ ಹೋಗುತ್ತೇವೆ. ದಿನ ಮತ್ತು ವೇಳೆಯನ್ನು ನಾವಿಬ್ಬರೇ ಮಾತಾಡಿಕೊಂಡು ನಿಶ್ಚಯಿಸುತ್ತೇವೆ, ಠಾಣೆಗೆ ತಿಳಿಸುವುದಿಲ್ಲ. ಭಾನುವಾರದ ಮಧ್ಯಾಹ್ನವೂ ಆಗಬಹುದು, ರಾತ್ರಿ ಎರಡೂವರೆಯೂ ಆಗಬಹುದು. ಬಾಗಿಲಲ್ಲಿ ಗಂಟೆ ಒತ್ತಿ ಗುರುತಿನ ಚೀಟಿ ತೋರಿಸಿದರೆ ಕೂಡಲೇ ಒಳಗೆ ಬಿಡಬೇಕು. ಒಳಗೆ ಯಾರಾದರೂ ಹೊಡೆದಾಡುತ್ತಿದ್ದು ನಮ್ಮ ಜೀವಕ್ಕೇ ಅಪಾಯವೆಂಬಂಥ ಕಾರಣವಿದ್ದರೆ ಮಾತ್ರ ತಡೆಯಬಹುದು, ಆ ಕಾರಣವನ್ನು ನಮಗೆ ಹೇಳಬೇಕು. ‘ಈಗ ಗದ್ದಲ ಇದೆ, ಆಮೇಲೆ ಬನ್ನಿ’ ಎಂಬುದು ಕಾರಣವಲ್ಲ. ಒಮ್ಮೆ ಒಂದು ಕಡೆ ನಮ್ಮನ್ನು ಇಪ್ಪತ್ತೈದು ನಿಮಿಷ ಹೊರಗೆ ನಿಲ್ಲಿಸಿದರು. ನಾವು ಬೇರೆ ಏನನ್ನೂ ಮಾಡಲಿಲ್ಲ, ಗಂಟೆ ಒತ್ತಿದ ವೇಳೆ ಮತ್ತು ಬಾಗಿಲು ತೆರೆದ ವೇಳೆ ಎರಡನ್ನೂ ವರದಿಯಲ್ಲಿ ಬರೆದೆವು. ಮುಂದಿನ ಸಲ ಗಂಟೆಯ ಮೇಲಿನ ಬೆರಳು ತೆಗೆಯುವ ಮೊದಲೇ ಬಾಗಿಲು ತೆರೆಯಿತು.

ಒಳಗೆ ಉಸ್ತುವಾರಿ ಇರುವವರು ಕಸ್ಟಡಿ ಸಾರ್ಜೆಂಟ್. ಬಂಧಿಸಿ ತಂದವರೂ ತನಿಖೆ ಮಾಡುವವರೂ ಬೇರೆ, ಬಂಧಿತರನ್ನು ಕಾಯುವ ಜವಾಬ್ದಾರಿಯವರು ಬೇರೆ. ಆ ವ್ಯತ್ಯಾಸವನ್ನು ಕಾಯ್ದೆಯೇ ಮಾಡಿದೆ. ಸಹಾಯಕರೊಬ್ಬರು ನಮ್ಮನ್ನು ಒಂದೊಂದೇ ಕೋಣೆಯ ಬಳಿಗೆ ಕರೆದೊಯ್ಯುತ್ತಾರೆ. ಬಾಗಿಲಿನ ಸಣ್ಣ ಕಿಂಡಿ ತೆರೆದು, ನಾವು ಪೊಲೀಸರಲ್ಲ, ಈ ಊರಿನವರು, ನಿಮ್ಮನ್ನು ಹೇಗೆ ನೋಡಿಕೊಳ್ಳುತ್ತಿದ್ದಾರೆಂದು ಕೇಳಲು ಬಂದಿದ್ದೇವೆ, ಮಾತಾಡುತ್ತೀರಾ ಎಂದು ಕೇಳುತ್ತೇವೆ. ಒಲ್ಲೆನೆಂದರೆ ಮುಗಿಯಿತು. ನಿದ್ದೆ ಮಾಡುತ್ತಿರುವವರನ್ನು ಎಬ್ಬಿಸುವುದಿಲ್ಲ, ಕಿಂಡಿಯಿಂದ ನೋಡಿ, ಉಸಿರಾಡುವುದು ಕಂಡರೆ ಮುಂದೆ ಹೋಗುತ್ತೇವೆ. ಒಪ್ಪಿದವರ ಜೊತೆ ಮಾತಾಡುವಾಗ ಸಹಾಯಕರು ನಮಗೆ ಕಾಣುವಷ್ಟು ದೂರದಲ್ಲಿ, ಮಾತು ಕೇಳಿಸದಷ್ಟು ದೂರದಲ್ಲಿ ನಿಲ್ಲುತ್ತಾರೆ. ಕೋಣೆಯಲ್ಲಿ ಒಂದು ಕಟ್ಟೆ, ಅದರ ಮೇಲೆ ರೆಕ್ಸಿನ್ ಹೊದಿಕೆಯ ತೆಳು ಗಾದಿ, ಮೂಲೆಯಲ್ಲಿ ಕಮೋಡು, ಗೋಡೆಯಲ್ಲಿ ಕರೆಗಂಟೆ. ಗಂಟೆ ಕೆಲಸ ಮಾಡುತ್ತದೆಯೇ, ಕಂಬಳಿ ಕೊಟ್ಟಿದ್ದಾರೆಯೇ, ಏನಾದರೂ ತಿಂದಿರಾ, ಮನೆಯವರಿಗೆ ತಿಳಿಸಿ ಎಂದು ಹೇಳಿದ್ದಿರಾ, ತಿಳಿಸಿದರೇ, ವಕೀಲರು ಬೇಕೆಂದಿದ್ದೀರಾ, ಔಷಧ ಏನಾದರೂ ತೆಗೆದುಕೊಳ್ಳಬೇಕಾಗಿತ್ತೇ, ಎಂಬಿಷ್ಟೇ ನಮ್ಮ ಪ್ರಶ್ನೆಗಳು. ಆಮೇಲೆ ಅಡುಗೆಮನೆಗೆ ಹೋಗಿ ಮೈಕ್ರೋವೇವ್ ಊಟದ ಡಬ್ಬಿಗಳ ಮೇಲಿನ ತಾರೀಕು ಓದುತ್ತೇವೆ. ಸ್ನಾನದ ಮನೆ, ಕಂಬಳಿಗಳ ಕಪಾಟು, ವ್ಯಾಯಾಮದ ಅಂಗಳ ನೋಡುತ್ತೇವೆ. ಹೊರಡುವ ಮೊದಲು ಅಲ್ಲಿಯೇ ಕುಳಿತು ವರದಿ ಬರೆದು ಒಂದು ಪ್ರತಿ ಠಾಣೆಗೆ ಕೊಟ್ಟು, ಇನ್ನೊಂದನ್ನು ಕಮಿಷನರ ಕಚೇರಿಗೆ ಕಳಿಸುತ್ತೇವೆ.

ಪ್ರಶ್ನೆಗಳು ಚಿಕ್ಕವೆಂದು ಕಾಣಬಹುದು. ಆದರೆ ಪ್ರತಿಯೊಂದರ ಹಿಂದೆಯೂ 1984ರ ಪೊಲೀಸ್ ಮತ್ತು ಸಾಕ್ಷ್ಯ ಕಾಯ್ದೆಯ ‘ಕೋಡ್ ಸಿ’ ಎಂಬ ನಿಯಮಾವಳಿಯ ಒಂದೊಂದು ಸಾಲು ನಿಂತಿದೆ. ದಿನಕ್ಕೆ ಎರಡು ಲಘು ಆಹಾರ, ಒಂದು ಪೂರ್ಣ ಊಟ ಕೊಡಬೇಕು. ಇಪ್ಪತ್ನಾಲ್ಕು ತಾಸಿನಲ್ಲಿ ಸತತ 8 ತಾಸು ವಿಶ್ರಾಂತಿ ಸಿಗಬೇಕು. ತಾಸಿಗೊಮ್ಮೆ ಬಂದು ನೋಡಬೇಕು. ಕುಡಿದು ಬಿದ್ದವನಾದರೆ ಅರ್ಧ ತಾಸಿಗೊಮ್ಮೆ, ಬರೀ ನೋಡಿದರೆ ಸಾಲದು, ಎಬ್ಬಿಸಿ ಮಾತಾಡಿಸಬೇಕು, ಏಕೆಂದರೆ ಗೊರಕೆ ಹೊಡೆಯುತ್ತಿದ್ದಾನೆಂದು ಬಿಟ್ಟವನು ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದವನೂ ಆಗಿರಬಹುದು. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆರೋಪ ಹೊರಿಸದೆ ಇಟ್ಟುಕೊಳ್ಳಬಹುದಾದದ್ದು ಸಾಮಾನ್ಯವಾಗಿ 24 ತಾಸು. ಗಂಭೀರ ಅಪರಾಧವಾದರೆ ಸೂಪರಿಂಟೆಂಡೆಂಟ್ 36ರವರೆಗೆ ವಿಸ್ತರಿಸಬಹುದು, ಅದರಾಚೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಿ ಹೆಚ್ಚೆಂದರೆ 96ರವರೆಗೆ. ಭಯೋತ್ಪಾದನೆಯ ಪ್ರಕರಣಗಳ ಲೆಕ್ಕವೇ ಬೇರೆ. ಮೊದಲ ಆರು ತಾಸಿನೊಳಗೆ, ಅನಂತರ ಒಂಬತ್ತು ತಾಸಿಗೊಮ್ಮೆ, ಇವನನ್ನು ಇನ್ನೂ ಇಟ್ಟುಕೊಳ್ಳಬೇಕೇ ಎಂದು ಪರಿಶೀಲಿಸಬೇಕು. ವಕೀಲರ ಸಲಹೆ ಬಡವ ಶ್ರೀಮಂತ ಎನ್ನದೆ ಎಲ್ಲರಿಗೂ ಉಚಿತ. ಹದಿನೆಂಟು ತುಂಬದವರಿಗೆ ಮತ್ತು ಬುದ್ಧಿಮನಸ್ಸುಗಳ ತೊಂದರೆ ಇರುವವರಿಗೆ ಜೊತೆಯಲ್ಲಿ ಒಬ್ಬ ಹಿರಿಯರು ಇರಬೇಕು, ಭಾಷೆ ಬಾರದವರಿಗೆ ದುಭಾಷಿ ಬೇಕು.

ಹೆಣ್ಣುಮಕ್ಕಳ ವಿಷಯ ಒಂದನ್ನು ಪ್ರತ್ಯೇಕವಾಗಿ ಹೇಳಬೇಕು. ಮುಟ್ಟಿನ ಬಟ್ಟೆ ಅಥವಾ ಪ್ಯಾಡ್ ಬೇಕೆಂದು ಗಂಡಸರೇ ತುಂಬಿರುವ ಕಸ್ಟಡಿಯಲ್ಲಿ ಕೇಳುವುದು ಯಾವ ದೇಶದ ಹೆಂಗಸಿಗೂ ಸುಲಭವಲ್ಲ. ಕೇಳದವರು ಹಾಗೆಯೇ ಕುಳಿತಿರುತ್ತಿದ್ದರು, ಮತ್ತು ಕೇಳಲಿಲ್ಲವಾದ್ದರಿಂದ ಕೊಡಲಿಲ್ಲ ಎಂದು ದಾಖಲೆಯಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತಿತ್ತು. ವಿಸಿಟರುಗಳು ಇದನ್ನು ವರದಿಗಳಲ್ಲಿ ಬರೆದು ಬರೆದು, ಅವರ ರಾಷ್ಟ್ರಮಟ್ಟದ ಸಂಘವು ಗೃಹ ಇಲಾಖೆಯ ಬೆನ್ನು ಹತ್ತಿ, 2019ರಲ್ಲಿ ನಿಯಮಾವಳಿ ತಿದ್ದುಪಡಿಯಾಯಿತು. ಈಗ ಒಳಗೆ ಬಂದ ಹೆಣ್ಣುಮಗಳನ್ನು ಸಿಬ್ಬಂದಿಯೇ ಆದಷ್ಟು ಬೇಗ, ಖಾಸಗಿಯಾಗಿ, ಬೇಕೇ ಎಂದು ಕೇಳಬೇಕು; ಉಚಿತವಾಗಿ ಕೊಡಬೇಕು; ಹೆಣ್ಣು ಸಿಬ್ಬಂದಿಯ ಜೊತೆ ಮಾತಾಡುವ ಅವಕಾಶವನ್ನೂ ಕೊಡಬೇಕು. ಉಪಯೋಗವಿದೆಯೇ ಎಂದು ಕೇಳಿದಿರಲ್ಲ, ನನ್ನ ಕಣ್ಣೆದುರು ಆದ ಬದಲಾವಣೆಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ.

ಏನು ಮಾಡಬಾರದು ಎಂಬುದನ್ನು ಕಲಿಯಲು ನನಗೆ ಒಂದು ತಪ್ಪು ಬೇಕಾಯಿತು. ಅದು ಮೊದಲ ಆರು ತಿಂಗಳ ಪರೀಕ್ಷಾ ಅವಧಿ. ಜನವರಿಯ ರಾತ್ರಿ. ಒಬ್ಬ ಮನುಷ್ಯ ಕಂಬಳಿ ಹೊದ್ದು ಗೋಡೆಗೆ ಒರಗಿ ಕುಳಿತಿದ್ದ; ಅವನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲು ಬರುವುದಿಲ್ಲ, ಒಳಗೆ ಕಂಡವರ ಗುರುತನ್ನು ಹೊರಗೆ ಹೇಳುವುದಿಲ್ಲ ಎಂಬ ಕರಾರಿಗೆ ನಾವು ಸಹಿ ಮಾಡಿರುತ್ತೇವೆ. ಊಟ, ಕಂಬಳಿ, ಎಲ್ಲವೂ ಸರಿಯಾಗಿತ್ತು. ಕೊನೆಗೆ ಆತ ಧ್ವನಿ ತಗ್ಗಿಸಿ ಒಂದು ಫೋನ್ ನಂಬರ್ ಹೇಳಿ, ಹೆಂಡತಿಗೆ ನಾನು ಇಲ್ಲಿದ್ದೇನೆಂದು ತಿಳಿಸಿಬಿಡಿ ಎಂದ. ನಾನು ಹೂಂ ಎಂದೆ. ನಂಬರನ್ನು ಮನಸ್ಸಿನಲ್ಲಿ ಮಗ್ಗಿಯಂತೆ ಹೇಳಿಕೊಳ್ಳುತ್ತ ಹೊರಬಂದೆ. ನನ್ನ ಜೊತೆಗಾರರು ನಿವೃತ್ತ ಪೋಸ್ಟ್‌ಮ್ಯಾನ್, ಹತ್ತು ವರ್ಷದ ಅನುಭವಿ. ಅವರು ಓಣಿಯಂಥ ಆ ಉದ್ದ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ, ನಾವು ಅಂಚೆಯವರಲ್ಲ, ಅದನ್ನು ನಾನು ನಲವತ್ತು ವರ್ಷ ಮಾಡಿ ಬಿಟ್ಟಿದ್ದೇನೆ, ಎಂದರು. ಆ ನಂಬರಿನಲ್ಲಿ ಹೆಂಡತಿಯೇ ಇರುತ್ತಾಳೆಂದು ನಿನಗೆ ಹೇಗೆ ಗೊತ್ತು, ‘ಇಲ್ಲಿದ್ದೇನೆ’ ಎಂಬ ಮಾತಿಗೆ ಸಾಕ್ಷ್ಯ ಸುಟ್ಟುಬಿಡು ಎಂಬ ಅರ್ಥವಿದ್ದರೆ ಏನು ಮಾಡುತ್ತೀ ಎಂದು ಕೇಳಿದರು. ನನ್ನ ಮುಖ ಕಪ್ಪಿಟ್ಟಿತು.

ಆದರೆ ಅವರು ಅಲ್ಲಿಗೆ ಬಿಡಲಿಲ್ಲ. ವಾಪಸ್ಸು ಹೋಗಿ, ನಿಮ್ಮ ಕಸ್ಟಡಿ ದಾಖಲೆಯನ್ನು ನಾವು ನೋಡಬಹುದೇ ಎಂದು ಆ ಮನುಷ್ಯನ ಒಪ್ಪಿಗೆ ಕೇಳಿದರು, ಆತ ಒಪ್ಪಿದ. ಮನೆಯವರಿಗೆ ತಿಳಿಸಬೇಕೆಂಬ ಕೋರಿಕೆ ಸಂಜೆ ಏಳಕ್ಕೇ ದಾಖಲಾಗಿತ್ತು. ಒಮ್ಮೆ ಫೋನ್ ಮಾಡಿದ್ದರು, ಯಾರೂ ಎತ್ತಿರಲಿಲ್ಲ. ಎರಡನೆಯ ಸಲ ಮಾಡಿದ ಬಗ್ಗೆ ಏನೂ ಇರಲಿಲ್ಲ. ಪಾಳಿ ಬದಲಾಗಿತ್ತು, ಹೊಸ ಪಾಳಿಯವರಿಗೆ ಅದು ಕಣ್ಣಿಗೆ ಬಿದ್ದಿರಲಿಲ್ಲ. ಯಾರ ದುರುದ್ದೇಶವೂ ಅಲ್ಲಿ ಇರಲಿಲ್ಲ. ನಾವು ತೋರಿಸಿದಾಗ ಸಾರ್ಜೆಂಟ್ ಹಣೆ ತಟ್ಟಿಕೊಂಡು, ನಮ್ಮೆದುರೇ ಫೋನ್ ತಿರುಗಿಸಿದರು. ಆ ಕಡೆಯಿಂದ ಹೆಣ್ಣು ಧ್ವನಿ ಕೇಳಿಸಿತು. ಎಲ್ಲ ಸೇರಿ ನಾಲ್ಕು ನಿಮಿಷದ ಕೆಲಸ. ಅವನು ಏನು ಮಾಡಿ ಒಳಗೆ ಬಂದಿದ್ದ ಎಂಬುದು ನನಗೆ ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ. ಏನು ಆರೋಪ ಎಂದು ನಾವು ಕೇಳುವುದಿಲ್ಲ, ಅವರಾಗಿ ಹೇಳಹೊರಟರೂ ತಡೆಯುತ್ತೇವೆ. ಸಲಹೆ ಕೊಡುವುದಿಲ್ಲ. ಪೊಲೀಸರು ಹೊಡೆದರೆಂದು ದೂರಿದರೆ, ಅದನ್ನು ಉಸ್ತುವಾರಿಯ ಅಧಿಕಾರಿಗೂ ವಕೀಲರಿಗೂ ಹೇಳಲು ತಿಳಿಸುತ್ತೇವೆ, ವರದಿಯಲ್ಲಿ ನಮೂದಿಸುತ್ತೇವೆ, ತನಿಖೆ ನಮ್ಮದಲ್ಲ.

ನೀವು ನರ್ಸ್ ಆದ್ದರಿಂದ ಇದು ನಿಮಗೆ ನನಗಿಂತ ಕಷ್ಟವಾದೀತು. ಕಿಂಡಿಯಿಂದ ನೋಡಿದ ಕೂಡಲೇ ಇವನಿಗೆ ಜ್ವರ, ಇವಳ ಕಾಲು ಬಾತಿದೆ ಎಂದು ನಿಮಗೆ ಕಾಣುತ್ತದೆ, ಕೈ ಹಿಡಿದು ನಾಡಿ ನೋಡಬೇಕೆನಿಸುತ್ತದೆ. ನೋಡಬಾರದು. ‘ಇವರನ್ನು ವೈದ್ಯಕೀಯ ಸಿಬ್ಬಂದಿ ನೋಡಿದ್ದಾರೆಯೇ, ಯಾವಾಗ’ ಎಂದು ಕೇಳುವುದಷ್ಟೇ ನಿಮ್ಮ ಕೆಲಸ; ಕಸ್ಟಡಿಗೇ ಬೇರೆ ನರ್ಸುಗಳು ಇರುತ್ತಾರೆ. ನಿಮ್ಮನ್ನು ಕೆಲಸಕ್ಕಿಟ್ಟುಕೊಂಡ ಸಂಸ್ಥೆಯೇ ಅವರನ್ನು ಕಳಿಸುತ್ತಿದ್ದರೆ ಅದನ್ನು ಅರ್ಜಿಯಲ್ಲಿ ಮೊದಲೇ ಬರೆಯಿರಿ, ಆಮೇಲೆ ಗೊತ್ತಾದರೆ ಹಿತಾಸಕ್ತಿಗಳ ಸಂಘರ್ಷದ ಪ್ರಶ್ನೆ ಬರುತ್ತದೆ. ಪೊಲೀಸ್ ಸಿಬ್ಬಂದಿ, ಮ್ಯಾಜಿಸ್ಟ್ರೇಟರು ಈ ಕೆಲಸಕ್ಕೆ ಬಾರದಿರುವುದೂ ಇದೇ ಕಾರಣಕ್ಕೆ.

ಎಲ್ಲವನ್ನೂ ಹೊಗಳಿ ನಿಮ್ಮನ್ನು ಎಳೆದುಕೊಳ್ಳುವ ಮನಸ್ಸು ನನಗಿಲ್ಲ. ನಮ್ಮ ಕೈಯಲ್ಲಿ ಅಧಿಕಾರವಿಲ್ಲ. ಬರೆಯಬಹುದು, ಮತ್ತೆ ಬರೆಯಬಹುದು. ಒಂದು ಕೋಣೆಯ ಕರೆಗಂಟೆ ಸರಿಯಿಲ್ಲವೆಂದು ನಾವು ಮೂರು ವರದಿಗಳಲ್ಲಿ ಬರೆದ ಮೇಲೆ ಅದನ್ನು ರಿಪೇರಿ ಮಾಡಿದರು. ಇದಕ್ಕಿಂತ ದೊಡ್ಡ ಅಪಾಯವೆಂದರೆ ಸಲಿಗೆ. ವರ್ಷಗಟ್ಟಲೆ ಹೋಗುತ್ತಿದ್ದರೆ ಸಾರ್ಜೆಂಟರು ಚಹಾ ಕೊಡುತ್ತಾರೆ, ಮಕ್ಕಳ ವಿಷಯ ಕೇಳುತ್ತಾರೆ, ಒಳ್ಳೆಯವರೇ ಆಗಿರುತ್ತಾರೆ. ಹೀಗೆ ಒಂದು ದಿನ ನಮಗೆ ಗೊತ್ತಿಲ್ಲದೆಯೇ ಅವರ ಕಣ್ಣಿನಿಂದ ಒಳಗಿನವರನ್ನು ನೋಡಲು ಹತ್ತಿರುತ್ತೇವೆ. ‘ಇವನು ಮತ್ತೆ ಬಂದನೇ’ ಎಂದು ನನ್ನ ಮನಸ್ಸಿನಲ್ಲಿ ಒಮ್ಮೆ ಬಂತು. ಅಂದಿನಿಂದ ಚಹಾ ಬಿಟ್ಟೆ. ಜೊತೆಗಾರರಿಗೆ ಇದು ಅತಿಯೆನಿಸಿತು, ಇರಬಹುದು.

ಮೊನ್ನೆ ಈ ಮಾತೆಲ್ಲ ಇಲ್ಲಿ, ಇದೇ ಪಡಸಾಲೆಯಲ್ಲಿ ಎದ್ದಿತು. ಅಣ್ಣನ ಗೆಳೆಯರೊಬ್ಬರು ಧಾರವಾಡದ ಹೈಕೋರ್ಟ್ ಪೀಠದಲ್ಲಿ ವಕೀಲಿ ಮಾಡುತ್ತಾರೆ. ಅಂದು ಸೈಕಲ್ ತುಳಿದು ಬಂದವರು ಇವರೇ. ನಮ್ಮ ದೇಶದಲ್ಲಿ ಏನೂ ಇಲ್ಲವೆಂಬಂತೆ ನಾನು ಮಾತಾಡಿದ್ದು ಅವರಿಗೆ ಸೇರಲಿಲ್ಲ. ಬಂಧಿಸಿದವರನ್ನು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕೆಂಬುದು ಸಂವಿಧಾನದ 22ನೆಯ ವಿಧಿಯಲ್ಲೇ ಇದೆ, ನಿಮ್ಮ ಇಂಗ್ಲೆಂಡಿಗೆ ಬರೆದಿಟ್ಟ ಸಂವಿಧಾನವಾದರೂ ಇದೆಯೇ ಎಂದು ಕೇಳಿದರು. 1986ರಲ್ಲಿ ಪಶ್ಚಿಮ ಬಂಗಾಳದ ಡಿ.ಕೆ. ಬಸು ಎಂಬವರು ಲಾಕಪ್ ಸಾವುಗಳ ಬಗ್ಗೆ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯೆಂದು ಪರಿಗಣಿಸಿ, 1996ರ ಡಿಸೆಂಬರ್ 18ರಂದು ಹನ್ನೊಂದು ನಿರ್ದೇಶನ ಕೊಟ್ಟದ್ದನ್ನು ಹೇಳಿದರು: ಬಂಧನದ ಮೆಮೊ ಬರೆಯಬೇಕು, ಸಂಬಂಧಿಕರಿಗೆ ತಿಳಿಸಬೇಕು, 48 ತಾಸಿಗೊಮ್ಮೆ ವೈದ್ಯರು ನೋಡಬೇಕು. 2020ರಲ್ಲಿ ಅದೇ ಕೋರ್ಟ್ ಪ್ರತಿಯೊಂದು ಠಾಣೆಯಲ್ಲೂ ಸಿಸಿಟಿವಿ ಹಾಕಬೇಕೆಂದಿತು. ಕಾರಾಗೃಹಗಳಿಗೆ ಅಧಿಕಾರೇತರ ಸಂದರ್ಶಕರ ಪದ್ಧತಿ ಹಳೆಯದು. ಕಾನೂನು ಸೇವಾ ಪ್ರಾಧಿಕಾರದ ಅರೆಕಾನೂನು ಸ್ವಯಂಸೇವಕರೂ, ಎಂದರೆ ವಕೀಲರಲ್ಲದಿದ್ದರೂ ಕಾನೂನು ನೆರವಿಗೆ ತರಬೇತಿ ಪಡೆದವರೂ, ಇದ್ದಾರೆ. ಇಷ್ಟೆಲ್ಲ ಹೇಳಿ, ಅಡಿಕೆ ಬಾಯಿಗೆ ಹಾಕಿಕೊಂಡು ಅವರೇ, ‘ಕಾಯ್ದೆ ಐತಿ, ಕ್ಯಾಮೆರಾ ಐತಿ. ಹೇಳದ ಕೇಳದ ಬಂದು ಬಾಗಿಲಾ ಬಡಿಯೋ ಮಂದಿ ಇಲ್ಲ, ಅದು ಖರೆ’ ಎಂದರು. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಮಾಡಿದೆ, ಇನ್ನೂ ಅನುಮೋದಿಸಿಲ್ಲ. ಬ್ರಿಟನ್ ಅದನ್ನು ಅನುಮೋದಿಸಿದ್ದಲ್ಲದೆ, ಬಂಧನದ ಜಾಗಗಳನ್ನು ಹೊರಗಿನವರು ಹೋಗಿ ನೋಡಬೇಕೆಂಬ ಅದರ ಹೆಚ್ಚುವರಿ ಒಡಂಬಡಿಕೆಗೂ ಸೇರಿಕೊಂಡಿದೆ. ನಮ್ಮ ಭೇಟಿಗಳು ಈಗ ಆ ಏರ್ಪಾಡಿನ ಒಂದು ಭಾಗ.

ಅಣ್ಣ ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದ. ಈಗ ಕೇಳದಿದ್ದರೆ ಎಂದೂ ಕೇಳಲಾರೆನೆನಿಸಿ ನಾನು, ಆ ರಾತ್ರಿ ರೊಟ್ಟಿ ತಿಂದೆಯಾ ಎಂದು ಕೇಳಿದೆ. ‘ಯಾವ ರೊಟ್ಟಿ?’ ಎಂದ. ಪೇಪರಿನಲ್ಲಿ ಸುತ್ತಿದ್ದ ಎರಡು ರೊಟ್ಟಿ ಯಾರೋ ಒಳಗೆ ಕೊಟ್ಟದ್ದು ಅವನಿಗೆ ನೆನಪಿತ್ತು. ಠಾಣೆಯವರೇ ಹೋಟೆಲಿನಿಂದ ತರಿಸಿದ್ದಾರೆಂದು ತಿಳಿದು, ಇನ್ನೊಬ್ಬ ಹುಡುಗನ ಜೊತೆ ಹಂಚಿಕೊಂಡು ತಿಂದಿದ್ದನಂತೆ. ‘ನೀವು ಬಂದೀರಿ ಅಂತ ನನಗ ಯಾರೂ ಹೇಳಲಿಲ್ಲ. ಮನ್ಯಾಗ ಗೊತ್ತಾಗಿಲ್ಲ, ಗೊತ್ತಾಗೋದು ಬ್ಯಾಡ ಅಂತ ರಾತ್ರಿ ಎಲ್ಲಾ ಕುಂತಿದ್ದೆ’ ಎಂದ. ನಾವು ಗೋಡೆಯ ಈ ಕಡೆ ಮೂರು ತಾಸು ಕುಳಿತಿದ್ದೆವೆಂಬುದು ಅವನಿಗೆ ಮೂವತ್ತು ವರ್ಷಗಳ ಮೇಲೆ ಗೊತ್ತಾಯಿತು. ಅವ್ವ ಒಳಗಿನಿಂದ, ನಾಲ್ಕು ಬಡಿದಿದ್ದೆನಲ್ಲ, ಉಳಿದೆರಡು ಎಲ್ಲಿ ಹೋದವು ಎಂದು ಕೇಳಿದಳು.

ಈಗ ನಿಮ್ಮ ಅರ್ಜಿಯ ವಿಷಯ. ಈ ವರ್ಷ ಹಾಕಬೇಡಿ. ಪೊಲೀಸ್ ಹಿನ್ನೆಲೆ ತಪಾಸಣೆಗೆ ಅನೇಕ ಕಡೆ ಮೂರು ವರ್ಷದ ವಾಸ ಕೇಳುತ್ತಾರೆ. ನಿಮ್ಮ ಭಾಗದ ಕಮಿಷನರ ಕಚೇರಿಗೆ ಒಂದು ಸಾಲು ಬರೆದು ವಿಚಾರಿಸಿ ಇಟ್ಟುಕೊಳ್ಳಿ. ಹದಿನೆಂಟು ತುಂಬಿರಬೇಕು, ಆ ಭಾಗದಲ್ಲಿ ವಾಸವೋ ಕೆಲಸವೋ ಇರಬೇಕು. ಆ ದೇಶದ ಪೌರರೇ ಆಗಿರಬೇಕೆಂದಿಲ್ಲ. ನಿಮ್ಮ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಸಂಬಳವಿಲ್ಲದ ಸ್ವಯಂಸೇವೆಗೆ ಅಡ್ಡಿಯಿಲ್ಲ, ಓಡಾಟದ ಖರ್ಚು ಮಾತ್ರ ಕೊಡುತ್ತಾರೆ. ತಪಾಸಣೆಗೆ ಹಲವು ತಿಂಗಳು ಹಿಡಿದರೆ ಗಾಬರಿಯಾಗಬೇಡಿ. ಆಮೇಲೆ ತರಬೇತಿ, ಆರು ತಿಂಗಳ ಪರೀಕ್ಷಾ ಅವಧಿ, ಅದು ಸರಿಹೋದರೆ ಮೂರು ವರ್ಷದ ನೇಮಕ. ಇಂಗ್ಲಿಷ್ ಬಗ್ಗೆ ಚಿಂತಿಸುವುದು ಬೇಡ. ರಾತ್ರಿ ಪಾಳಿಯಲ್ಲಿ ರೋಗಿಗಳ ಜೊತೆ ಮಾತಾಡುವ ನಿಮ್ಮ ಇಂಗ್ಲಿಷ್ ನನ್ನದಕ್ಕಿಂತ ಎಷ್ಟೋ ಮೇಲು, ಮತ್ತು ಅವಸರವಿಲ್ಲದ, ಸರಳವಾದ ಇಂಗ್ಲಿಷ್ ಒಳಗಿರುವವರಿಗೆ ಬೇಗ ತಿಳಿಯುತ್ತದೆ. ಕಾಯುವ ಅವಧಿಯಲ್ಲಿ ಕೋಡ್ ಸಿ ಓದಿ, ಸರ್ಕಾರದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ, ಒಣ ಭಾಷೆ, ಆದರೆ ಓದಲೇಬೇಕು. ಕಾರು ಕಲಿಯಿರಿ, ಈಗ ಬಹಳಷ್ಟು ಕಸ್ಟಡಿಗಳು ಊರ ಹೊರಗಿನ ಕೈಗಾರಿಕಾ ಪ್ರದೇಶಗಳಿಗೆ ಹೋಗಿವೆ, ರಾತ್ರಿ ಅಲ್ಲಿಗೆ ಬಸ್ಸಿಲ್ಲ.

ತಾಯಿಗೆ ಏನು ಹೇಳಬೇಕೆಂದು ಕೇಳಿದ್ದೀರಿ. ನನ್ನ ಅವ್ವನಿಗೆ ನಾನು ಹೇಳಿದ್ದು, ಠಾಣೆಗೆ ಡಬ್ಬಿ ಒಯ್ಯುವ ಕೆಲಸ ಎಂದು; ಅವಳು ಮತ್ತೆ ಬೇಡವೆನ್ನಲಿಲ್ಲ. ಎಂಥ ಉಡುಪು ಎಂಬ ಕೊನೆಯ ಪ್ರಶ್ನೆಗೆ ಉತ್ತರ: ಯಾವುದಾದರೂ ಆದೀತು, ಆದರೆ ರಬ್ಬರ್ ತಳದ ಬೂಟು ಹಾಕಿಕೊಳ್ಳಿ. ನಡುರಾತ್ರಿಯಲ್ಲಿ ಆ ಕಾರಿಡಾರಿನ ತುಂಬ ಹಿಮ್ಮಡಿಯ ಸಪ್ಪಳ ಕೇಳುತ್ತದೆ, ಆಗತಾನೇ ಕಣ್ಣು ಹತ್ತಿದವರು ಎಚ್ಚರಾಗುತ್ತಾರೆ.